ತಾತನ ಐದು ಭಾನುವಾರ

"ಡಾಕ್ಟರ್ ಇನ್ನೂ ಸಹಿ ಹಾಕಿಲ್ಲ. ಮುಂದಿನ ಭಾನುವಾರ ಬನ್ನಿ."

ಈ ಸುಳ್ಳನ್ನು ಮೊದಲ ಸಲ ಹೇಳಿದಾಗ ನನ್ನ ಕೈತುಂಬ ಸೋಪಿನ ನೊರೆಯಿತ್ತು. ನಾಯಿಯನ್ನು ಮನೆಗೆ ಕೊಡಬಹುದೆಂದು ಡಾಕ್ಟರ್ ಸಹಿ ಹಾಕಿದ ಕಾಗದ ನನ್ನ ಏಪ್ರನ್ ಜೇಬಿನಲ್ಲೇ ಇತ್ತು.

ಬೀದಿಗೆ ಬಿದ್ದ ನಾಯಿಗಳನ್ನು ಸಾಕುವ ಶೆಲ್ಟರಿನಲ್ಲಿ ನನ್ನದು ಸ್ನಾನ ಮಾಡಿಸುವ, ಗೂಡು ತೊಳೆಯುವ ಕೆಲಸ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮನುಷ್ಯರ ಎದುರು ಮಾತು ಬರುವುದಿಲ್ಲ. ನೋಡುವುದು ಮಾತ್ರ ಬರುತ್ತದೆ.

ನಾಯಿ ಕೇಳಿಕೊಂಡು ಬಂದಿದ್ದ ಅವರು ತಾತನ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದನ್ನು ನೋಡಿದೆ. ತಾತ ಎಂದರೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ನಾಯಿ. ಮೂತಿ ಬೆಳ್ಳಗಾಗಿತ್ತು. ಯಾರಿಗೂ ಬೊಗಳಿದವನಲ್ಲ; ಒಂದು ಕೈ ಸಿಕ್ಕರೆ ಸಾಕು, ಅದರ ಮೇಲೆ ಗಲ್ಲ ಇಟ್ಟು ನಿದ್ದೆ ಹೋಗುತ್ತಿದ್ದ. ಅವರ ಅಂಗೈಯ ಮೇಲೂ ಹಾಗೇ ಇಟ್ಟ. ಕಾಲು ಜೋಮು ಹಿಡಿದರೂ ಅವರು ಕೈ ಎಳೆದುಕೊಳ್ಳಲಿಲ್ಲ. ಪೂರ್ತಿ ಅರ್ಧ ಗಂಟೆ.

ಅಷ್ಟಕ್ಕೇ ನಾನು ಕೆಟ್ಟೆ.

ಅವರದು ಕನ್ನಡಕದ ಅಂಗಡಿ. "ಅಪ್ಪನಿಗೆ ಜೊತೆ ಬೇಕಂತೆ," ಎಂದಿದ್ದರು. "ಬಸ್ಸು ಓಡಿಸಿ ಓಡಿಸಿ ಮಂಡಿ ಸವೆದಿದೆ. ಮರಿ ತಂದ್ರೆ ಎಳೆದು ಬೀಳಿಸುತ್ತೆ, ನನ್ನಷ್ಟೇ ನಿಧಾನಕ್ಕೆ ನಡೆಯೋನನ್ನ ತಾ ಅಂತಾರೆ."

ಅವತ್ತೇ ಕೊಟ್ಟು ಕಳಿಸಿದ್ದರೆ ಅವರು ಮತ್ತೆ ಯಾಕೆ ಬರುತ್ತಿದ್ದರು?

ಎರಡನೇ ಭಾನುವಾರ ತಾತನ ಹಲ್ಲಿಗೆ ಔಷಧಿ ನಡೆಯುತ್ತಿದೆ ಎಂದೆ. ಮೂರನೇ ಭಾನುವಾರ ನಾನು ಬಾಯಿ ತೆರೆಯುವ ಮೊದಲೇ ಅವರು ನಕ್ಕರು.

"ಗೊತ್ತು ಬಿಡಿ, ಸಹಿ ಆಗಿಲ್ಲ. ಡಾಕ್ಟರಿಗೆ ಒಂದು ಪೆನ್ನು ನಾನೇ ಕೊಡಿಸ್ಲಾ?"

ನಾನು ಬಕೆಟ್ ನೋಡಿದೆ.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮಗೆ ದೂರದ್ದು ಕಾಣ್ಸಲ್ವಾ, ಹತ್ತಿರದ್ದಾ?"

"ಎರಡೂ ಕಾಣ್ಸುತ್ತೆ."

"ಮತ್ತೆ ನಾನ್ಯಾಕೆ ಕಾಣ್ಸಲ್ಲ? ಮೂರು ವಾರದಿಂದ ಬರೀ ಬಕೆಟ್ ಜೊತೆನೇ ಮಾತಾಡ್ತಿದೀರಿ."

ತಲೆ ಎತ್ತಿದೆ. ಒಂದೇ ಕ್ಷಣ. ಅವರ ಎಡಹುಬ್ಬಿನಲ್ಲಿ ಹಳೆಯ ಗಾಯದ ಗೆರೆಯಿರುವುದು, ನಗುವ ಮೊದಲು ಆ ಹುಬ್ಬು ಮೇಲೇಳುವುದು ನನಗೆ ಮೊದಲೇ ಗೊತ್ತಿತ್ತು. ಅವರು ತಾತನನ್ನು ನೋಡುವಾಗೆಲ್ಲ ನಾನು ಅವರನ್ನೇ ನೋಡುತ್ತಿದ್ದೆನಲ್ಲ.

ಆ ವಾರವಿಡೀ ಗುನುಗುತ್ತ ನೆಲ ತೊಳೆದೆ. ತಾತ ಮಾತ್ರ ಸರಳುಗಳ ಹಿಂದಿನಿಂದ ಸುಮ್ಮನೆ ನನ್ನನ್ನು ನೋಡುತ್ತಿದ್ದ. ಅವನ ಕಣ್ಣು ತಪ್ಪಿಸಿ ಓಡಾಡಲು ಶುರುಮಾಡಿದೆ.

ನಾಲ್ಕನೇ ಭಾನುವಾರವೂ ಐದನೇ ಭಾನುವಾರವೂ ಅದೇ ಸುಳ್ಳು ಹೇಳಿದೆ. ಆರು ದಿನ ಕಳೆದ ಮೇಲೆ ಡಾಕ್ಟರ್ ಬಂದಾಗ ತಾತ ಏಳಲು ಹೋಗಿ ಜಾರಿದ. ಒದ್ದೆ ಸಿಮೆಂಟಿನ ಮೇಲೆ ಹಿಂಗಾಲು ಎರಡು ಕಡೆಗೆ ಹರಡಿಕೊಂಡವು.

"ಇವನಿನ್ನೂ ಇಲ್ಲೇ ಇದಾನಾ?" ಡಾಕ್ಟರ್ ಹುಬ್ಬುಗಂಟಿಕ್ಕಿದರು. "ಸಹಿ ಹಾಕಿ ತಿಂಗಳ ಮೇಲಾಯ್ತಲ್ಲಮ್ಮ. ಈ ವಯಸ್ಸಲ್ಲಿ ಅವನಿಗೆ ಒಂದೊಂದು ವಾರಾನೂ ದೊಡ್ಡದು."

ಆ ರಾತ್ರಿ ಮನೆಗೆ ಹೊರಡುವ ಮೊದಲು ತಾತನ ಗೂಡಿಗೆ ಒಣಗಿದ ಗೋಣಿಚೀಲ ಹಾಸಿದೆ.

ಮರುದಿನ ಅವರು ಬರುತ್ತಿದ್ದಂತೆ, ಜೇಬಿನಲ್ಲಿ ಮೆತ್ತಗಾಗಿಹೋಗಿದ್ದ ಕಾಗದವನ್ನು ಕೈಗಿಟ್ಟೆ. ತಾರೀಕು ಓದಿದರು. ಮತ್ತೊಮ್ಮೆ ಓದಿದರು.

"ಮೊದಲ್ನೇ ದಿನಾನೇ ಆಗಿತ್ತಾ?"

"ಹೂಂ. ಸುಳ್ಳು ಹೇಳಿದೆ."

"ಯಾಕೆ?"

ಮತ್ತೆ ಬಕೆಟ್ ನೋಡಿದೆ.

"ಪ್ರತಿ ಭಾನುವಾರ ಅಪ್ಪ ಒಗೆದ ಶರ್ಟು ಹಾಕ್ಕೊಂಡು ಗೇಟಲ್ಲಿ ನಿಂತಿರ್ತಾರೆ, ಗೊತ್ತಾ? ನಾನು ಒಬ್ಬನೇ ಬಂದಿದ್ದು ನೋಡಿ, 'ಇರ್ಲಿ ಬಿಡೋ, ಅವನೂ ನನ್ನ ಹಾಗೇ ನಿಧಾನ' ಅಂತಾರೆ."

ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ತಾತನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದರು, ತಿರುಗಿ ನೋಡಲಿಲ್ಲ.

ಮಂಗಳವಾರ ಆಫೀಸಿನ ಅಕ್ಕ ಫೋನನ್ನು ನನ್ನ ಕಡೆ ಚಾಚಿದರು.

"ಎರಡು ದಿನದಿಂದ ಏನೂ ತಿಂದಿಲ್ಲ ಅವನು." ಅವರೇ. "ಅಪ್ಪ ತಟ್ಟೆ ಹಿಡ್ಕೊಂಡು ಎದುರಿಗೇ ಕೂತಿದಾರೆ."

"ಎದುರಿಗೆ ಕೂರಬಾರ್ದು. ಯಾರಾದ್ರೂ ನೋಡ್ತಿದ್ರೆ ಅವನು ತಿನ್ನಲ್ಲ. ಎದ್ದು ಹೋದ್ರೂ ತಿನ್ನಲ್ಲ. ಪಕ್ಕದಲ್ಲೇ ಬೆನ್ನು ಹಾಕಿ ಕೂರಬೇಕು."

ಇದನ್ನೂ ಭಾನುವಾರವೇ ಹೇಳಬೇಕಿತ್ತು. ಹೇಳಿರಲಿಲ್ಲ.

"ಬಂದು ತೋರಿಸಿ."

ಬಾಗಿಲು ತೆಗೆದವರು ಅವರಪ್ಪ. ಅಡಿಯಿಂದ ಮುಡಿಯವರೆಗೆ ನೋಡಿದರು. "ಓಹೋ, ಸಹಿ ಹಾಕದ ಡಾಕ್ಟರು ನೀನೇನಾ? ಬಾಮ್ಮ ಒಳಗೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಾತನ ಮುಂದೆ ತಟ್ಟೆಯಿಟ್ಟು, ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತೆ. ಅವರೂ ಪಕ್ಕದಲ್ಲಿ ಕೂತರು. "ಮೂರು ಮೂರು ಬೆನ್ನು ನೋಡಿದ್ರೆ ನಾಯಿ ಗಾಬರಿಯಾಗುತ್ತೆ," ಎಂದು ಅಪ್ಪ ಕುಂಟುತ್ತ ಆಚೆ ಹೋದರು.

ಎದುರಿಗೆ ಬರೀ ಸುಣ್ಣದ ಗೋಡೆ.

"ಯಾಕೆ ಅಂತ ಕೇಳಿದ್ದೆ," ಎಂದರು. "ಉತ್ತರ ಬರ್ಲಿಲ್ಲ."

ಮುಖ ಕಾಣದಿದ್ದರೆ ನನಗೂ ಮಾತು ಬರುತ್ತದೆಂದು ಅವತ್ತು ಗೊತ್ತಾಯಿತು.

"ಅವನನ್ನ ಕೊಟ್ಬಿಟ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ನಿಮ್ಮನ್ನ ನೋಡೋ ಆಸೆಗೆ ಅವನ ಐದು ವಾರ ನುಂಗಿಬಿಟ್ಟೆ."

ಬೆನ್ನ ಹಿಂದೆ ತಟ್ಟೆ ನೆಲದ ಮೇಲೆ ಸಣ್ಣಗೆ ಸರಿಯಿತು. ನಾಲಿಗೆಯ ಸದ್ದು.

"ನನಗೆ ಕೋಪ ಇನ್ನೂ ಹೋಗಿಲ್ಲ," ಎಂದು ಅವರು ಪಿಸುಗುಟ್ಟಿದರು.

"ಹೋಗೋದೂ ಬೇಡ."

"ಬನ್ನಿ ಅಂತ ಒಂದು ಮಾತು ಅಂದಿದ್ರೆ ಬರ್ತಿದ್ನಲ್ರೀ. ನಾಯಿ ಇಲ್ದೇನೂ ಬರ್ತಿದ್ದೆ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಿರುಗಲು ಹೋದೆ. ನೆಲದ ಮೇಲಿದ್ದ ನನ್ನ ಕೈಯ ಮೇಲೆ ಅವರ ಕೈ ಬಂದು ಕೂತಿತು.

"ತಿರುಗಬೇಡಿ. ತಿಂತಿದಾನೆ."

ಅಳು ಬಂತು. ತಾತ ಊಟ ನಿಲ್ಲಿಸಬಾರದಲ್ಲ ಎಂದು, ಸದ್ದಾಗದಂತೆ ಅತ್ತೆ.