ಇಪ್ಪತ್ತು ನಿಮಿಷದ ಅಪರಿಚಿತರು

ಬಸ್ಸಿನಲ್ಲಿ ನಾವಿಬ್ಬರೂ ಅಪರಿಚಿತರು. ಆ ನಿಯಮ ಮಾಡಿದವಳು ಅವಳೇ. ಅವಳ ಬೀದಿಯ ಅರ್ಧ ಜನ ಅದೇ ಬಸ್ಸಿಗೆ ಹತ್ತುತ್ತಾರೆ. ತನ್ನ ಅಮ್ಮನ ಕಿವಿಗೆ ನಮ್ಮಿಬ್ಬರ ಸುದ್ದಿ ಬೇರೆಯವರಿಂದ ಬೀಳಬಾರದು ಎಂಬುದು ಅವಳ ಹಟ.

"ಭಾನುವಾರ ನಾನೇ ಅಮ್ಮನಿಗೆ ಹೇಳ್ತೀನಿ. ಅಲ್ಲೀವರೆಗೂ ಬಸ್ಸಲ್ಲಿ ನನ್ನ ಕಡೆ ನೋಡ್ಬೇಡ."

"ನೋಡಿದ್ರೆ?"

"ಕಾಜಾ ಸೂಜೀಲೇ ಕಣ್ಣು ಹೊಲಿದುಬಿಡ್ತೀನಿ."

ಹೊಲಿಗೆ ಅಂಗಡಿಯಲ್ಲಿ ನಾನು ಬಟ್ಟೆ ಕತ್ತರಿಸುತ್ತೇನೆ, ಅವಳು ಗುಂಡಿತೂತಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತಾಳೆ. ಅಲ್ಲಿ ನಾನು ಮಾತಿನಮಲ್ಲ. ಬಸ್ಸಿನಲ್ಲಿ ಮಾತ್ರ ಇಪ್ಪತ್ತು ನಿಮಿಷ ಬಾಯಿಗೆ ಬೀಗ. ಆದರೂ ಕಿಟಕಿ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಹುಬ್ಬು ಹಾರಿಸಿ, ಮರುಕ್ಷಣ ಏನೂ ಅರಿಯದವಳಂತೆ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ನಗು ತಡೆದಾಗ ಅವಳ ಕೆನ್ನೆ ಉಬ್ಬುತ್ತಿತ್ತು. ಆ ಕೆನ್ನೆಗಾಗಿಯೇ ನಾನು ದಿನಾ ಶೇವ್ ಮಾಡಿಕೊಂಡು ಬರುತ್ತಿದ್ದೆ.

ಗುರುವಾರ ಸಂಜೆ ಬಸ್ಸು ಕಿಕ್ಕಿರಿದಿತ್ತು. ಇಸ್ತ್ರಿ ಅಂಗಿ ತೊಟ್ಟು, ಫೈಲು ಹಿಡಿದಿದ್ದ ಒಬ್ಬ ಅವಳ ಹಿಂದೆ ನಿಂತ. ಬ್ರೇಕ್ ಹಾಕದಿದ್ದರೂ ಅವಳ ಮೇಲೆ ವಾಲಿದ. ಅವಳು ಸರಿದಳು, ಅವನೂ ಸರಿದ. ಆಮೇಲೆ ಅವನ ಕೈ ಅವಳ ಸೊಂಟಕ್ಕೆ ಬಂತು.

"ಕೈ ತೆಗೀರಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

"ರಶ್ ಇದೆ ಮೇಡಂ. ಅಷ್ಟು ನಾಜೂಕಾದ್ರೆ ಕಾರಲ್ಲಿ ಹೋಗಿ."

ಯಾರೋ ನಕ್ಕರು. ಅವಳ ಬೀದಿಯ ಆಂಟಿ ಕಿಟಕಿ ಕಡೆ ತಿರುಗಿದರು. ಕಂಡಕ್ಟರ್ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತ ತಾನು ಹಿಂದಕ್ಕೆ ಹೋದ.

ಅವಳು ತಿರುಗಿ ನೇರವಾಗಿ ನನ್ನನ್ನೇ ನೋಡಿದಳು. ತಾನೇ ಮಾಡಿದ ನಿಯಮ ಮುರಿದು ನೋಡಿದಳು.

ನಾನು ಮೊಬೈಲ್ ತೆಗೆದು ಅದರಲ್ಲಿ ಮುಖ ಹುದುಗಿಸಿದೆ. ಸ್ಕ್ರೀನ್ ಆನ್ ಕೂಡ ಆಗಿರಲಿಲ್ಲ.

ಮೂರು ಸ್ಟಾಪ್ ಕಳೆದವು. ಕೊನೆಗೆ ಅವಳೇ ಅವನಿಗೆ ಮೊಣಕೈಯಿಂದ ತಿವಿದು, ಜನರನ್ನು ತಳ್ಳಿಕೊಂಡು ಇಳಿದಳು. ನಾನೂ ಹಿಂದೆಯೇ ಇಳಿದೆ.

"ಪರಿಚಯಾನೇ ಇಲ್ಲದ ಹಾಗಿರು ಅಂತ ನೀನೇ ಹೇಳಿದ್ದೆಯಲ್ಲ," ಎಂದೆ. "ಆ ಆಂಟಿ ಬೇರೆ ಇದ್ರು."

"ಹೌದು, ಹೇಳಿದ್ದೆ." ಅವಳು ಕಣ್ಣೊರೆಸಿಕೊಂಡಳು. "ಸರಿ, ಪರಿಚಯ ಇಲ್ಲದ ಹುಡುಗಿ ಅಂತಾನೇ ಇಟ್ಕೋ. ಅವಳಿಗೆ ಹೀಗಾದ್ರೆ ಏನ್ಮಾಡ್ತಿದ್ದೆ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ನಾಲಗೆ ಏಳಲಿಲ್ಲ.

"ಭಯ ಆಯ್ತು," ಎಂದೆ.

"ನನಗೂ ಆಯ್ತು ಕಣೋ."

"ನಿನ್ನನ್ನ ತುಂಬಾ ಪ್ರೀತಿಸ್ತೀನಿ." ಒಳ್ಳೆಯ ಗಳಿಗೆಗೆಂದು ಇಷ್ಟು ದಿನ ಉಳಿಸಿಕೊಂಡಿದ್ದ ಮಾತು, ಈ ಹಾಳು ಗಳಿಗೆಯಲ್ಲಿ ಬಾಯಿಂದ ಬಿತ್ತು.

"ಗೊತ್ತು. ಅದಕ್ಕೇ ಇಷ್ಟು ಅಳು ಬರ್ತಿರೋದು." ಅವಳು ಕೈ ಚಾಚಿ ನನ್ನ ಕಾಲರ್ ಸರಿಮಾಡಿದಳು. "ಅಮ್ಮನಿಗೆ ಏನೂ ಹೇಳಲ್ಲ. ಹೇಳೋಕೆ ಏನೂ ಉಳಿದಿಲ್ಲ."

ಇನ್ನೊಂದು ಬಸ್ಸು ಬಂತು. ಅದೂ ತುಂಬಿತ್ತು. ಅವಳು ಹತ್ತಿದಳು. ನಾನೂ ಮೆಟ್ಟಿಲ ಮೇಲೆ ಕಾಲಿಟ್ಟೆ.

"ಬೇಡ," ಎಂದಳು.

ಅವಳು ಒಳಗೆ ಹೋಗಿ ಒಂದಷ್ಟು ಗಂಡಸರ ನಡುವೆ ನಿಂತಳು. ಅವರಲ್ಲಿ ಒಬ್ಬನೂ ಅವಳಿಗೆ ಪರಿಚಯದವನಲ್ಲ. ನನ್ನ ಪಕ್ಕದಲ್ಲಿ ನಿಲ್ಲುವುದಕ್ಕಿಂತ ಅದೇ ವಾಸಿ ಅನ್ನಿಸಿರಬೇಕು.