ನೊಣ ಕೂರದ ಮೀನು

ಒಂದಾನೊಂದು ಕಾಲದಲ್ಲಿ, ಕಡಲಿಗೂ ಘಟ್ಟಕ್ಕೂ ನಡುವಿನ ಸೀಮೆಯಲ್ಲಿ ಒಂದು ಬಿಳಿಯ ಮೂಟೆ ಇತ್ತು. ಅದನ್ನು ಬಿಚ್ಚಿದರೆ ಸೊಳ್ಳೆ ಸಾಯುತ್ತಿತ್ತು, ತಿಗಣೆ ಸಾಯುತ್ತಿತ್ತು, ಜಿರಳೆ ಅಂಗಾತ ಬೀಳುತ್ತಿತ್ತು. ಮನುಷ್ಯರಿಗೆ ಮಾತ್ರ ಏನೂ ಆಗುವುದಿಲ್ಲವೆಂದು ರಾಜನ ಆಳುಗಳು ಮನೆಮನೆಗೆ ಬಂದು ಹೇಳಿದರು. ಜನ ನಂಬಿದರು. ಒಂದು ದಿನ ಮೂಟೆ ಮಾಯವಾಯಿತು.

ಕತೆಯ ಮೂಟೆಯಾಗಿದ್ದರೆ ಅದನ್ನು ಹದ್ದೊಂದು ಎತ್ತಿಕೊಂಡು ಹೋಗಿ ಏಳು ಕಡಲಿನಾಚೆ ಇಳಿಸಿಬಿಡುತ್ತಿತ್ತು. ಆದರೆ ಇದು ಕಾಪು ಕಡಲತೀರದ ಒಂದು ಕೊಟ್ಟಿಗೆಯಿಂದ ಹೋದದ್ದು. ಆ ಬಗ್ಗೆ ದೂರು ಠಾಣೆಗೆ ಬಂದದ್ದು 1979ರ ಮೇ 21, ಸೋಮವಾರ ಬೆಳಿಗ್ಗೆ. ದೂರುದಾರ ವಾಸು, ಮಲೇರಿಯಾ ಮದ್ದು ಸಿಂಪಡಿಸುವ ತಂಡದ ಮೇಲ್ವಿಚಾರಕ.

"ಎಷ್ಟು ಹೋಗಿದೆ?" ಎಂದು ಸಬ್ ಇನ್‌ಸ್ಪೆಕ್ಟರ್ ಅಲೋಶಿಯಸ್ ಮಥಾಯಸ್ ಕೇಳಿದರು.

"ಒಂದು ಮೂಟೆ ಮದ್ದಿನ ಪುಡಿ ಸಾರ್. ಇಪ್ಪತ್ತೈದು ಕಿಲೋ."

"ಬೀಗ?"

"ಬೀಗ ಸರಿ ಉಂಟು. ಹಿಂದಿನ ಗೋಡೆಯ ತಡಿಕೆ ಬಿಚ್ಚಿದ್ದಾರೆ."

"ಯಾವಾಗ?"

"ಅದೇ ಗೊತ್ತಿಲ್ಲ. ನಾವೆಲ್ಲ ಇನ್ನಂಜೆ ಕಡೆ ಇದ್ದೆವು. ಕೊಟ್ಟಿಗೆ ತೆರೆಯದೆ ತಿಂಗಳಾಯಿತು."

ಕಾನ್‌ಸ್ಟೇಬಲ್ ಹೂವಪ್ಪ ಬಾಗಿಲ ಬಳಿಯಿಂದ ನಕ್ಕ. "ಮದ್ದು ಹೊಡೆಯಲಿಕ್ಕೆ ಹೋದರೆ ಬಾಗಿಲು ಹಾಕಿಕೊಳ್ಳುವ ಜನ. ಕದಿಯಲಿಕ್ಕೆ ಎಂತ ಹುಚ್ಚು ಮಾರಾಯ್ರೇ?"

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಇಬ್ಬರು ಪಂಚರ ಎದುರು ಕೊಟ್ಟಿಗೆಯ ಮಹಜರು ನಡೆಯಿತು. ಒಳಗೆ ಮೂಗಿಗೆ ಒಗರಾಗಿ ಹತ್ತುವ ಮುಗ್ಗಲು ವಾಸನೆ. ತಡಿಕೆಯ ಹೊರಗೆ ಮರಳಿನಲ್ಲಿ ಹೆಜ್ಜೆಗಳು ಎಂದೋ ಅಳಿಸಿದ್ದವು. ಹಿಂದಿರುಗುವಾಗ ಹೂವಪ್ಪ ತನ್ನ ಅಂಗಿ ಮೂಸಿ, "ಈ ವಾಸನೆಗೆ ಹೆಂಡತಿ ಮನೆಯೊಳಗೆ ಬಿಡುವುದಿಲ್ಲ" ಎಂದ.

ಮಥಾಯಸ್ ನಗಲಿಲ್ಲ. ಬಂಗಾರ ಕಳುವಾದರೆ ಎಲ್ಲೋ ಅಡಗಿ ಕೂರುತ್ತದೆ. ಈ ಪುಡಿಯನ್ನು ಕೊಂಡುಹೋದವರು ಯಾವುದಕ್ಕೋ ಬಳಸಲೆಂದೇ ಕೊಂಡುಹೋಗಿರಬೇಕು. ಕಾರಣವಿಲ್ಲದೆ ಯಾರಿಗಾದರೂ ವಾಂತಿಯೋ ಫಿಟ್ಸೋ ಬಂದರೆ ತಿಳಿಸುವಂತೆ ಸುತ್ತಲಿನ ಠಾಣೆಗಳಿಗೆ ಅವರು ಸಂದೇಶ ಕಳಿಸಿದರು.

ಬುಧವಾರ ಮಧ್ಯಾಹ್ನ ಕಾರ್ಕಳದಿಂದ ಉತ್ತರ ಬಂತು. ಅಜೆಕಾರಿನ ಜಮಾಲ್ ಎಂಬ ಆರು ವರ್ಷದ ಹುಡುಗ ಗಂಜಿ ಉಂಡು ಎದ್ದವನು ಕೈಕಾಲು ಸೆಳೆದು ಬಿದ್ದಿದ್ದ. ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದರು.

ವಾರ್ಡಿನ ಹೊರಗೆ ಡಾಕ್ಟರು ಸಣ್ಣ ಶೀಶೆಯೊಂದನ್ನು ಮಥಾಯಸರ ಮೂಗಿನ ಹತ್ತಿರ ಹಿಡಿದರು. "ವಾಂತಿಯದ್ದು. ಈ ವಾಸನೆ ಎಲ್ಲಾದರೂ ನೋಡಿದ್ದೀರಾ?"

ಮಥಾಯಸ್ ತಿರುಗಿ ಹೂವಪ್ಪನ ಮುಖ ನೋಡಿದರು. ಹೂವಪ್ಪ ತನ್ನ ಅಂಗಿಯ ತೋಳು ನೋಡಿಕೊಂಡು, "ಆ ಕೊಟ್ಟಿಗೆಯ ಮದ್ದಿನದ್ದೇ ಸಾರ್" ಎಂದ.

"ಬದುಕುತ್ತಾನಾ?"

"ಎಂತದು ಅಂತ ಗೊತ್ತಾಯಿತಲ್ಲ, ಸ್ವಲ್ಪ ಧೈರ್ಯ ಬಂತು. ಇವತ್ತು ರಾತ್ರಿ ಕಳೆಯಲಿ."

ಹುಡುಗನ ತಾಯಿ ಆಸ್ಯಾ ಮಂಚದ ಕಾಲನ್ನು ಹಿಡಿದು ನೆಲದಲ್ಲಿ ಕುಳಿತಿದ್ದಳು. ಗಂಡ ದುಬೈಯಲ್ಲಿ, ಅವನಿಗೆ ತಂತಿ ಹೋಗಿತ್ತು.

"ಗಂಜಿಗೆ ಎಂತ ಕೊಟ್ಟಿದ್ದೆ ಆಸ್ಯಮ್ಮ?"

"ಒಣಮೀನು. ಬಂಗುಡೆ. ಕೆಂಡದಲ್ಲಿ ಸುಟ್ಟು ಕೊಟ್ಟೆ."

"ತೊಳೆಯಲಿಲ್ಲವಾ?"

"ಸುಡುವ ಮೀನು ಯಾರು ತೊಳೆಯುತ್ತಾರೆ? ಚಂದದ ಮೀನು. ನಾನು ಮುಟ್ಟಲಿಲ್ಲ, ಅವನಿಗೇ ಇರಲಿ ಅಂತ..." ಮುಂದೆ ಅವಳಿಗೆ ಹೇಳಲಾಗಲಿಲ್ಲ.

"ಎಲ್ಲಿಂದ ತಂದದ್ದು?"

"ಪ್ರತಿ ವರ್ಷ ಮಳೆಗೆ ಮೊದಲು ಕಾಪುವಿನಿಂದ ಒಬ್ಬಳು ಅಕ್ಕ ತಲೆಹೊರೆಯಲ್ಲಿ ತರುತ್ತಾಳೆ. ಹೆಸರು ಕೇಳಲಿಲ್ಲ." ಅವಳು ತಟ್ಟನೆ ತಲೆಯೆತ್ತಿದಳು. "ಊರಿಡೀ ಕೊಟ್ಟಿದ್ದಾಳೆ. ಮಳೆ ಬಿದ್ದ ದಿವಸ ಎಲ್ಲರೂ ಅದನ್ನು ಭರಣಿಯಿಂದ ತೆಗೆದು ಸುಡುತ್ತಾರೆ. ಮತ್ತೆ ಹಸಿಮೀನು ಎಲ್ಲಿಂದ? ನೀವು ಅದನ್ನೆಲ್ಲ ತೆಗೆಸುತ್ತೀರಾ?"

"ತೆಗೆಸುತ್ತೇನೆ."

"ಒಂದು ಮನೆಯದ್ದೂ ಬಿಡದೆ?"

"ಒಂದು ಮನೆಯದ್ದೂ ಬಿಡುವುದಿಲ್ಲ. ಬಂದು ಹೇಳುತ್ತೇನೆ" ಎಂದರು ಮಥಾಯಸ್. ಹೊರಗೆ ಬಂದು ಪಡುವಣ ದಿಕ್ಕು ನೋಡಿದಾಗ, ಹಾಗೆ ಮಾತು ಕೊಡಬಾರದಿತ್ತು ಅನ್ನಿಸಿತು. ಅಲ್ಲಿ ಮೋಡ ಕಟ್ಟಿತ್ತು.

ಗುರುವಾರ ಬೆಳಿಗ್ಗೆ ಅವರು ಕಾಪುವಿನ ಒಣಮೀನಿನ ಅಂಗಳದಲ್ಲಿದ್ದರು. ಕೊಟ್ಟಿಗೆಯ ಮಗ್ಗುಲಲ್ಲೇ ಉದ್ದಕ್ಕೆ ಓಲೆಚಾಪೆಗಳು, ಮೇಲೆ ಬಂಗುಡೆ, ಸಿಗಡಿ. ಅಜೆಕಾರಿಗೆ ಯಾರು ಹೋಗುತ್ತಾರೆ ಎಂದು ಕೇಳಿದರೆ ಹೆಂಗಸರೆಲ್ಲ ಒಟ್ಟಿಗೆ ಸೆರಗಿನಲ್ಲಿ ಬಾಯಿ ಮುಚ್ಚಿದರು.

"ನಮಗೆ ಉಡುಪಿ ದಾಟಿಯೇ ಗೊತ್ತಿಲ್ಲ ಸ್ವಾಮಿ."

"ಪೊಲೀಸರಿಗೂ ಒಣಮೀನು ಬೇಕಾಯಿತಾ? ಹಣ ಕೊಡ್ತೀರಾ, ಇಲ್ಲ ಹಾಗೆಯಾ?"

ಹೂವಪ್ಪ ಕೈಯಲ್ಲಿ ನೊಣ ಓಡಿಸುತ್ತ ಒಂದೊಂದೇ ಚಾಪೆ ದಾಟಿದ. ಕಣ್ಣಿಗೆ, ತುಟಿಗೆ ಮುತ್ತುವ ನೊಣ. ತುದಿಯ ಚಾಪೆಗಳ ಹತ್ತಿರ ಅವನ ಕೈ ತಾನಾಗಿ ನಿಂತಿತು. ಓಡಿಸಲು ಏನೂ ಇರಲಿಲ್ಲ.

"ಸಾರ್," ಎಂದ. "ಇಲ್ಲಿ ನೊಣ ಇಲ್ಲ."

ಮಥಾಯಸ್ ಬಂದು ನಿಂತರು. ಮೀನು ಸ್ವಚ್ಛ, ಬೆಳ್ಳಗೆ. ಚಾಪೆಯ ಅಂಚಿನಲ್ಲಿ ಒಂದು ಕಾಗೆ ಕೊಕ್ಕು ತೆರೆದು ಸತ್ತು ಬಿದ್ದಿತ್ತು.

"ಇದು ಯಾರದ್ದು?"

ಎಲ್ಲರ ಕಣ್ಣೂ ತೆಂಗಿನ ಮರದ ಕೆಳಗಿನ ಗುಡಿಸಲಿನತ್ತ ಹೋಯಿತು.

ಗುಡಿಸಲಿನಲ್ಲಿ ಐವತ್ತರ ಆಸುಪಾಸಿನ ಸುಂದರಿ ಊಟಕ್ಕೆ ಕುಳಿತಿದ್ದಳು. ತಟ್ಟೆಯಲ್ಲಿ ಗಂಜಿ, ಬದಿಯಲ್ಲಿ ಸುಟ್ಟ ಬಂಗುಡೆ. ಹೂವಪ್ಪ ಒಂದೇ ನೆಗೆತಕ್ಕೆ ಒಳಗೆ ಹೋಗಿ ತಟ್ಟೆ ಕಿತ್ತುಕೊಂಡ.

"ಏ ಹೂವಪ್ಪ! ಹಸಿವೆಯಾದರೆ ಕೇಳಬಾರದಾ?"

"ಉಗಿ ಸುಂದರಕ್ಕ. ಬಾಯಲ್ಲಿದ್ದದ್ದು ಉಗಿ!"

ಬಲೆಯ ರಾಶಿಯ ಕೆಳಗೆ ಅರ್ಧ ಖಾಲಿಯಾದ ಮೂಟೆ ಸಿಕ್ಕಿತು. ಪಕ್ಕದಲ್ಲಿ ಹಿಟ್ಟಿನ ಜರಡಿ. ಅವಳು ಅಲ್ಲಗಳೆಯಲೂ ಇಲ್ಲ, ಓಡಲೂ ಇಲ್ಲ.

"ಇದನ್ನು ಮೀನಿಗೆ ಹಾಕಿದ್ದು ಯಾಕೆ?" ಎಂದರು ಮಥಾಯಸ್.

"ಮೀನಿಗೆ ಎಲ್ಲಿ ಹಾಕಿದೆ? ನೊಣಕ್ಕೆ ಹಾಕಿದ್ದು."

"ಇದು ವಿಷ ಅಂತ ಗೊತ್ತಿಲ್ಲವಾ?"

"ವಿಷವಾದರೆ ನಮ್ಮ ಗೋಡೆಗೆ ಹೊಡೆದಿರಿ ಯಾಕೆ? ನಾನು ಬಾಗಿಲಿಗೆ ಅಡ್ಡ ನಿಂತಾಗ ನಿಮ್ಮ ವಾಸು ಬೆರಳಲ್ಲಿ ಮುಟ್ಟಿ ನಾಲಿಗೆಗೆ ತಾಗಿಸಿ ತೋರಿಸಿದ. ನೋಡಿ ಅಕ್ಕ, ಎಂತದೂ ಆಗುವುದಿಲ್ಲ ಅಂದ. ಅವನು ಸತ್ತನಾ? ದಿವಸಾ ತಿನ್ನುವ ನಾನು ಸತ್ತೆನಾ?"

ಅವಳ ಬಲಗೈ ಸಣ್ಣಗೆ ನಡುಗುತ್ತಿತ್ತು. ಎಂದಿನಿಂದ ಹೀಗೆ ಎಂದು ಕೇಳಿದಾಗ, "ಎರಡು ವಾರ ಆಯ್ತು. ಉಷ್ಣ" ಎಂದು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಮಥಾಯಸ್ ಹುಡುಗನ ವಿಷಯ ಹೇಳಿದರು. ಆಸ್ಯಾಳ ಮನೆಯ ಗುರುತು ಹೇಳಿದಾಗ ಸುಂದರಿ ಗೋಡೆಗೆ ಒರಗಿದಳು. "ಆ ಪೋಕ್ರಿಯಾ? ನನ್ನ ತಲೆಹೊರೆಯ ಸಿಂಬಿ ತೆಗೆದುಕೊಂಡು ತಲೆಯ ಮೇಲೆ ಇಟ್ಟು ಕುಣಿಯುತ್ತಿದ್ದ."

"ಬೇರೆ ಯಾರಿಗೆಲ್ಲ ಕೊಟ್ಟಿದ್ದೀರಿ? ಹೆಸರು ಹೇಳಿ."

"ಹೆಸರು ಗೊತ್ತಿಲ್ಲ ಸ್ವಾಮಿ. ನನಗೆ ದಾರಿ ಮಾತ್ರ ಗೊತ್ತು."

ಕಳುವಿಗೂ ವಿಷವಸ್ತುವಿನ ಅಜಾಗರೂಕತೆಗೂ ಅಲ್ಲಿಯೇ ಬಂಧಿಸಿ ಠಾಣೆಗೆ ಒಯ್ಯುವುದು ಕ್ರಮ. ಡಾಕ್ಟರಿಗೆ ತೋರಿಸುವುದೂ ಬಾಕಿ ಇತ್ತು. ಮಥಾಯಸ್ ಮತ್ತೊಮ್ಮೆ ಆಕಾಶ ನೋಡಿ, ಅವಳನ್ನು ಜೀಪಿಗೆ ಹತ್ತಿಸಿ ಅಜೆಕಾರಿನ ದಾರಿ ಹಿಡಿದರು. ಕಾರ್ಕಳಕ್ಕೂ ಸುದ್ದಿ ಹೋಯಿತು. ಅಲ್ಲಿನ ಪೊಲೀಸರು ಟಾಂಟಾಂ ಹೊಡೆಸತೊಡಗಿದರು. ಆದರೆ ಗುಡ್ಡದ ಆಚೆಗಿನ ಒಂಟಿಮನೆಗಳಿಗೆ ಟಾಂಟಾಂ ಕೇಳುವುದಿಲ್ಲ.

ಅಜೆಕಾರಿನಲ್ಲಿ ಇಳಿದ ಮೇಲೆ ಸುಂದರಿ ಮೂರು ದಾರಿ ಕೂಡುವಲ್ಲಿ ನಿಂತುಬಿಟ್ಟಳು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು.

"ಎಂತಾಯ್ತು?"

"ತಲೆ ಖಾಲಿ ಸ್ವಾಮಿ. ಹೊರೆ ಇಲ್ಲದೆ ಈ ದಾರಿಯಲ್ಲಿ ನಾನು ಯಾವತ್ತೂ ನಡೆದದ್ದಿಲ್ಲ. ಬುಟ್ಟಿ ಕೊಡಿ."

ಹೂವಪ್ಪ ಗುಡಿಸಲಿನಿಂದ ಜಪ್ತಿ ಮಾಡಿ ತಂದಿದ್ದ ಮುದ್ದೆಮಾಲಿನ ಬುಟ್ಟಿಯನ್ನು ನೋಡಿ, ಸಾಹೇಬರನ್ನು ನೋಡಿದ. "ಸಾಕ್ಷ್ಯ ಸಾರ್ ಅದು."

"ಕೊಡು ಮಾರಾಯ."

ಸಿಂಬಿಯ ಮೇಲೆ ಬುಟ್ಟಿ ಕುಳಿತದ್ದೇ ಅವಳ ಬೆನ್ನು ನೇರವಾಯಿತು. ಕಾಲು ತಾನಾಗಿ ಎಡಕ್ಕೆ ತಿರುಗಿತು. ಗೇರುಮರದ ಬುಡ, ಹಳ್ಳ ದಾಟುವ ಮರದ ಸಾರ, ತೋಟದ ಬೇಲಿ. ಹಿಂದೆ ಇಬ್ಬರು ಪೊಲೀಸರು. ಪ್ರತಿ ಅಂಗಳದಲ್ಲೂ ಅವಳು ಒಂದೇ ಮಾತು ಹೇಳಿದಳು: "ಮೀನು ಸರಿ ಇಲ್ಲ ಅಬ್ಬೆ, ವಾಪಸು ಕೊಡಿ." ಖಾಕಿ ಕಂಡವರು ಮರುಮಾತಿಲ್ಲದೆ ತಂದುಕೊಟ್ಟರು. ಒಂದು ಮನೆಯಲ್ಲಿ ಬೆಕ್ಕು ಸತ್ತಿತ್ತು. ಇನ್ನೊಂದರಲ್ಲಿ ಮೂರು ಸಲ ತೊಳೆದು ಸಾರು ಮಾಡಿದ್ದರು, ಮುದುಕನಿಗೆ ತಲೆ ತಿರುಗಿತ್ತು. ಜೀಪು ಅವನನ್ನು ಮಣಿಪಾಲಕ್ಕೆ ಒಯ್ದಿತು. ಬುಟ್ಟಿ ಹೋಗುತ್ತ ಹೋಗುತ್ತ ಭಾರವಾಯಿತು. ಅದು ಹೀಗೆ ಭಾರವಾಗುವುದು ಅವಳ ಜೀವಮಾನದಲ್ಲಿ ಮೊದಲು.

ಸಂಜೆ ಗಾಳಿ ಎದ್ದಿತು. ಉಳಿದದ್ದು ಒಂದೇ ಮನೆ, ಗುಡ್ಡದ ಬುಡದ ಮ್ಯಾಗ್ಡಲಿನ್ ಬಾಯಮ್ಮನದು. ಮೊದಲ ಹನಿಗಳು ಬೀಳುವಾಗ ಆ ಮುದುಕಿ ಒಲೆಯ ಮುಂದೆ ಕೆಂಡ ಕೆದಕುತ್ತಿದ್ದಳು.

"ಕೊಡುವುದಿಲ್ಲ," ಎಂದಳು. "ಹೋದ ವರ್ಷದ್ದರಲ್ಲಿ ಹುಳ ಮಿಜಿಗುಟ್ಟುತ್ತಿತ್ತು, ನಿನ್ನ ಮುಂದೆಯೇ ಅಂಗಳಕ್ಕೆ ಎಸೆದೆ. ಇನ್ನು ಈ ಮೆಟ್ಟಿಲು ಹತ್ತಬೇಡ ಅಂದೆ. ಆದರೂ ಬಂದೆಯಲ್ಲ ಅಂತ ತೆಗೆದುಕೊಂಡೆ. ಈ ವರ್ಷ ಒಂದು ಹುಳ ಇಲ್ಲ. ಇಂಥ ಮೀನು ನಾನು ನೋಡಿಯೇ ಇಲ್ಲ. ಬೇರೆಯವರು ಹೆಚ್ಚಿಗೆ ದುಡ್ಡು ಕೊಡುತ್ತಾರೆ ಅಂತ ವಾಪಸು ಕೇಳುವುದು, ಅಲ್ವಾ?"

ಹೂವಪ್ಪ ಬಾಯಿ ತೆರೆದ. ಮಥಾಯಸ್ ಅವನ ತೋಳು ಹಿಡಿದರು.

ಸುಂದರಿ ಬುಟ್ಟಿ ಇಳಿಸಿದಳು. ಅಂಗಳದಲ್ಲಿ ಎಲ್ಲರೆದುರು ಎಸೆಯಲ್ಪಟ್ಟ ಮೀನನ್ನು ಆಯ್ದುಕೊಂಡು ಹೋದ ದಿನದಿಂದ ಅವಳು ಕೇಳಬೇಕೆಂದಿದ್ದದ್ದು 'ಇಂಥ ಮೀನು ನೋಡಿಯೇ ಇಲ್ಲ' ಎಂಬ ಆ ಮಾತೊಂದೇ. ಅದಕ್ಕಾಗಿಯೇ ಅವಳು ತಡಿಕೆ ಬಿಚ್ಚಿದ್ದಳು.

"ಬಾಯಮ್ಮ," ಎಂದಳು, "ಮೀನು ಚಂದ ಇಲ್ಲ. ಅದಕ್ಕೆ ನಾನು ವಿಷ ಹಾಕಿದ್ದೇನೆ. ಒಂದು ಮಗು ಆಸ್ಪತ್ರೆಯಲ್ಲಿ ಉಂಟು. ಹುಳ ತಿನ್ನದ್ದು ಅದಕ್ಕೇ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಇಕ್ಕಳದಿಂದ ಕೆಂಡದ ಮೇಲಿನ ಮೀನನ್ನು ತೆಗೆದಳು. ಒಳಗಿನಿಂದ ಭರಣಿಯನ್ನೇ ಎತ್ತಿ ತಂದು ಬುಟ್ಟಿಯ ಪಕ್ಕ ಇಟ್ಟಳು.

ಮಳೆ ಜೋರಾಯಿತು. ಸಂಜೆ 6.40ಕ್ಕೆ ಅದೇ ಮನೆಯ ಜಗಲಿಯಲ್ಲಿ, ಮ್ಯಾಗ್ಡಲಿನ್ ಬಾಯಮ್ಮನ ಸಾಕ್ಷಿಯಲ್ಲಿ, ಮಥಾಯಸ್ ಸುಂದರಿಯ ಬಂಧನವನ್ನು ಬರೆದುಕೊಂಡರು. ಅವಳು ನಡುಗುವ ಬೆರಳನ್ನು ಶಾಯಿಗೆ ಒತ್ತಿ ಹೆಬ್ಬೆಟ್ಟು ಹಾಕಿದಳು.

ಆರೋಪಿಯನ್ನು ಲಾಕಪ್ಪಿಗಿಂತ ಮೊದಲು ಮಣಿಪಾಲದ ಆಸ್ಪತ್ರೆಗೆ ಸೇರಿಸಲಾಯಿತು. ಮಕ್ಕಳ ವಾರ್ಡಿನಲ್ಲಿ ಜಮಾಲ್ ಕಣ್ಣು ಬಿಟ್ಟು ನೀರು ಕೇಳಿದ್ದ. ಅದಕ್ಕಿಂತ ಹೆಚ್ಚು ಹೇಳಲು ಡಾಕ್ಟರು ಒಪ್ಪಲಿಲ್ಲ. ಒದ್ದೆ ಟೋಪಿ ಕೈಯಲ್ಲಿ ಹಿಡಿದು ಮಥಾಯಸ್ ಬಾಗಿಲಲ್ಲಿ ನಿಂತರು.

ಆಸ್ಯಾ ಎದ್ದಳು. "ಎಲ್ಲ ಸಿಕ್ಕಿತಾ?"

"ಎಲ್ಲ ಸಿಕ್ಕಿತು."