ಮಲ್ಲಿಗೆಯ ಬುಡದಲ್ಲಿ

ಮಲ್ಲಿಗೆ ಸತ್ತಿತ್ತು.

ರಜನಿ ಕೂಗಿದ್ದಕ್ಕೆ ಹಿತ್ತಲಿಗೆ ಓಡಿದೆ. ಎಲೆಯೆಲ್ಲ ಸುಟ್ಟ ಹಾಗೆ ಕಂದಿ ಬಳ್ಳಿ ಜೋತುಬಿದ್ದಿತ್ತು. ಸುತ್ತಲ ಗರಿಕೆಯೂ ಹಳದಿ. ಆ ಗರಿಕೆ ಹಿತ್ತಲನ್ನೇ ನುಂಗಿತ್ತು. ಕೊತ್ತಂಬರಿ ಮಡಿ ಹೋಯಿತು, ದೊಡ್ಡಪತ್ರೆ ಹೋಯಿತು. ಕಿತ್ತಷ್ಟೂ ಬಂತು. ಉಳಿದಿದ್ದು ಮಲ್ಲಿಗೆಯೊಂದೇ. ಅದು ವಿಂಧ್ಯಾ ನೆಟ್ಟಿದ್ದು. ನನ್ನ ತಮ್ಮ ಶ್ರೀಪಾದನಿಗೂ ರಜನಿಗೂ ಇದ್ದ ಮಗಳು ಅವಳೊಬ್ಬಳೇ. ಅವಳು ತೀರಿಕೊಂಡು ಎರಡು ವರ್ಷ.

"ಇದು ಪಕ್ಕದ ಮನೆ ಮಯೂರ್‌ಭಾಯಿ ಕೆಲಸ, ಅಕ್ಕ," ಅಂದಳು ರಜನಿ. "ಹುಲ್ಲು ಗೋಡೆ ಕೆಳಗಿಂದ ಬರ್ತಿದೆ, ಔಷಧಿ ಹೊಡೀತೀನಿ ಅಂದಿದ್ದ. ಹೊಡೆದೇಬಿಟ್ಟ. ಇವತ್ತೇ ಪೊಲೀಸ್ ಚೌಕಿಗೆ ಹೋಗ್ತೀನಿ."

ಶ್ರೀಪಾದ ಬಾಗಿಲಲ್ಲಿ ನಿಂತಿದ್ದ. ರೈಲ್ವೆಯಲ್ಲಿ ದುಡಿದು ಮಂಜಲ್‌ಪುರದಲ್ಲಿ ಈ ಮನೆ ಕಟ್ಟಿದವನು. ಅಷ್ಟು ಕೇಳಿ ಒಳಗೆ ಹೋದ.

ವಿಂಧ್ಯಾಳನ್ನು ತನ್ನ ಕಾರಿನಲ್ಲಿ ಆಸ್ಪತ್ರೆಗೆ ಓಡಿಸಿಕೊಂಡು ಹೋದವನೇ ಆ ಮಯೂರ್. ಇವರಿಬ್ಬರಿಗೆ ಈ ಊರಲ್ಲಿ ಉಳಿದಿದ್ದ ಒಂದೇ ಆಸರೆ. ಅದೂ ಮುರಿಯುವುದರಲ್ಲಿತ್ತು.

"ಸಂಜೆವರೆಗೆ ತಡಿ," ಅಂದೆ.

*

ಮಯೂರ್ ಗೋಡೆಯಾಚೆ ಬದನೆಗೆ ನೀರು ಬಿಡುತ್ತಿದ್ದ. ನನ್ನ ಹರುಕು ಹಿಂದಿಯಲ್ಲಿ ಕೇಳಿದೆ.

"ಔಷಧಿ ತಂದಿದ್ದು ನಿಜ, ಬಾ." ಅಮ್ಮ ಅನ್ನೋದಕ್ಕೆ ಇಲ್ಲಿನ ಗುಜರಾತಿ ಮಾತಲ್ಲಿ 'ಬಾ' ಅಂತಾರೆ. ಬಾಟಲಿ ತಂದು ತೋರಿಸಿದ. ಸೀಲು ಒಡೆದಿರಲಿಲ್ಲ. "ವಿಂಧ್ಯಾಳ ಗಿಡ ನಾನು ಸಾಯಿಸ್ತೀನಾ? ಆ ಹೂವು ನಮ್ಮ ದೇವರಿಗೂ ಬರ್ತಿತ್ತು."

"ಇನ್ನೊಂದು ಬಾಟಲಿ ತಂದಿರಬಹುದಲ್ಲ?"

"ನೀವು ಪೊಲೀಸಾಗಬೇಕಿತ್ತು," ಅಂತ ನಗಲು ನೋಡಿದ. ಆಗಲಿಲ್ಲ.

*

ಮಧ್ಯಾಹ್ನ ಗೇಟು ತೆರೆದಿತ್ತು. ಬೀದಿ ಹಸು ಹಿತ್ತಲಿಗೆ ನುಗ್ಗಿತು. ರಜನಿ ಕೋಲು ಹುಡುಕಿದಳು.

"ಇರು," ಅಂದೆ.

ಹಸು ಹುಲ್ಲು ಮೇಯುತ್ತಿರಲಿಲ್ಲ. ಮಣ್ಣು ನೆಕ್ಕುತ್ತಿತ್ತು.

ಬೆರಳಿಗೆ ಒಂದಿಷ್ಟು ಮಣ್ಣು ಹಚ್ಚಿ ನಾಲಿಗೆಗೆ ಇಟ್ಟೆ. ಉಪ್ಪು.

ಮಲ್ಲಿಗೆಯ ಸುತ್ತ ಯಾರೋ ಕೈಯಲ್ಲಿ ತಟ್ಟಿ ಕಟ್ಟಿದ ಮಣ್ಣಿನ ಬದು ಇತ್ತು. ಉಪ್ಪು ನೀರು ಅದರಡಿಯಲ್ಲೇ ಬುಡಕ್ಕೆ ಇಳಿದಿತ್ತು. ಬದುವಿನ ಒಳಗೆ ಕಡ್ಡಿಯಿಂದ ಕೆದಕಿದೆ. ಕುಂಕುಮ ಹತ್ತಿದ ಅಡಿಕೆ ಸಿಕ್ಕಿತು. ಆಮೇಲೆ ಒಂದು ಗರಿಕೆಯ ಕಟ್ಟು. ದಾರ ಬಿಚ್ಚಿರಲಿಲ್ಲ. ಕಟ್ಟಿದಲ್ಲೇ ಬೇರು ಬಿಟ್ಟಿತ್ತು.

"ರಜನಿ, ಉಪ್ಪಿನಕಾಯಿಗೆ ತಂದ ಕಲ್ಲುಪ್ಪು ನೋಡು."

ಜಾಡಿ ಖಾಲಿ.

*

ಸಂಜೆ ಮಯೂರನನ್ನೂ ಕರೆಸಿದೆ. ಬೇಕಂತಲೇ ಉಪ್ಪು ಹಾಕದೆ ಉಪ್ಪಿಟ್ಟು ಮಾಡಿದೆ. ಶ್ರೀಪಾದನಿಗೆ ಮೊದಲು ಬಡಿಸಿದೆ.

ಚಿಕ್ಕಂದಿನಿಂದಲೂ ಉಪ್ಪು ಚೂರು ಕಮ್ಮಿಯಾದರೆ ತಟ್ಟೆ ತಳ್ಳುವವನು. ಅಮ್ಮನ ದೇವರ ದೀಪ ತಾನೇ ಒಡೆದು ಮುಚ್ಚಿಟ್ಟ ದಿನ ಮಾತ್ರ ಸಪ್ಪೆ ಅನ್ನ ಸದ್ದಿಲ್ಲದೆ ತಿಂದಿದ್ದ.

ಈಗಲೂ ಸದ್ದಿಲ್ಲದೆ ತಿನ್ನುತ್ತಿದ್ದ.

"ಉಪ್ಪು ಬೇಡವೇನೋ?"

ಅವನ ಕೈ ತಟ್ಟೆಯಲ್ಲೇ ನಿಂತಿತು.

"ಹಗೆಗೆ ಉಪ್ಪು ಹಾಕಿದವನು ಗಿಡ ಉಳೀಲಿ ಅಂತ ಬದು ಕಟ್ಟಲ್ಲ," ಅಂದೆ. "ಉಪ್ಪು ಈ ಮನೇದು. ಸಂಕಷ್ಟಿಗೆ ಗಣಪತಿ ಪೂಜೆ ಮಾಡೋನು ನೀನೊಬ್ಬನೇ. ಗರಿಕೆಯ ಕುಡಿ ಮಾತ್ರ ಚಿವುಟಿ ಏರಿಸಬೇಕು. ನೀನು ಬಜಾರಿನ ಕಟ್ಟನ್ನು ಬೇರು ಸಮೇತ ಏರಿಸಿದೆ. ನಿರ್ಮಾಲ್ಯ ಯಾರೂ ತುಳೀಬಾರದು ಅಂತ ಮಲ್ಲಿಗೆ ಬುಡಕ್ಕೆ ಹಾಕಿದೆ. ಹಿತ್ತಲೆಲ್ಲ ಹಬ್ಬಿದ್ದು ಅಲ್ಲಿಂದಲೇ."

"ಅವಳು ಆಸ್ಪತ್ರೇಲಿದ್ದಾಗ ಹರಕೆ ಹೊತ್ತೆ ಅಕ್ಕ," ಅಂದ ಶ್ರೀಪಾದ. "ಹೋದ ಮೇಲೂ ಬಿಡೋಕಾಗಲಿಲ್ಲ. ಅವಳ ಗಿಡಕ್ಕೆ ಹಾಕಿದರೆ ಅವಳ ಕೈಗೇ ಪ್ರಸಾದ ಕೊಟ್ಟ ಹಾಗಿರ್ತಿತ್ತು. ಆ ಹುಲ್ಲೇ ಗಿಡ ತಿನ್ನೋಕೆ ಶುರುಮಾಡ್ತು. ಉಪ್ಪು ಹಾಕಿದರೆ ಹುಲ್ಲು ಸಾಯುತ್ತೆ ಅಂತ ಯಾರೋ ಅಂದರು."

"ನನಗೆ ಹೇಳಬಾರದಿತ್ತಾ?" ರಜನಿಯ ದನಿ ಒಡೆಯಿತು. "ಇವರ ಮೇಲೆ ಪೊಲೀಸಿಗೆ ಹೋಗೋಳಿದ್ದೆ. ಸುಮ್ಮನಿದ್ದಿರಲ್ಲ!"

"ಮಗಳನ್ನೂ ಉಳಿಸಲಿಲ್ಲ, ಗಿಡವನ್ನೂ ಉಳಿಸಲಿಲ್ಲ. ಯಾವ ಬಾಯಲ್ಲಿ ಹೇಳಲಿ?"

ನಮ್ಮ ಕನ್ನಡ ಮಯೂರನಿಗೆ ತಿಳಿಯದು. ಮುಖಗಳನ್ನು ನೋಡುತ್ತ ಕೂತಿದ್ದ. ರಜನಿ ಎದ್ದು ಅವನ ತಟ್ಟೆಗೆ ಬಡಿಸಿದಳು.

"ಉಪ್ಪಿಲ್ಲ, ಮಯೂರ್‌ಭಾಯಿ," ಅಂದಳು ಹಿಂದಿಯಲ್ಲಿ.

"ನಡೆಯುತ್ತೆ, ಭಾಭಿ." ಅಷ್ಟೂ ತಿಂದ.

*

ಮಳೆ ಬಿತ್ತು. ಗರಿಕೆ ಮೊದಲಿನಂತೆ ಹಸುರಾಯಿತು. ಉಪ್ಪು ಅದನ್ನು ಕೊಲ್ಲಲಿಲ್ಲ. ಮಲ್ಲಿಗೆ ಮಾತ್ರ ಚಿಗುರಲಿಲ್ಲ.

ಸಂಕಷ್ಟಿಯ ಸಂಜೆ ರಜನಿ ಆ ಒಣಗಿದ ಬುಡದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಮೂರೆಸಳಿನ ಕುಡಿಗಳನ್ನೇ ಹುಡುಕಿ ಚಿವುಟಿ ಗಂಡನ ಅಂಗೈಯಲ್ಲಿ ಇಡುತ್ತಿದ್ದಳು. ಒಂದರಲ್ಲೂ ಬೇರಿರಲಿಲ್ಲ.